ದೀಪ ಮಂಕಾದರೆ ಬಲ್ಬನ್ನೇ ಏಕೆ ದೂರಬೇಕು?

ಹಳೆಯ ಮೋಟಾರು ಕಾರೊಂದರ ಡ್ಯಾಷ್‌ಬೋರ್ಡಿನ ದೀಪಗಳು ಮಂಕಾದುವೆಂದರೆ ನಮ್ಮ ಜನರು ಮೊದಲು ಮಾಡುವ ಕೆಲಸ ಬಲ್ಬನ್ನು ಬದಲಾಯಿಸುವುದು. ಅದರಿಂದ ಬೆಳಕು ಬಾರದಿದ್ದರೆ ಸ್ವಿಚ್ಚನ್ನು ಬದಲಾಯಿಸುತ್ತಾರೆ. ಅದೂ ಫಲಿಸದಿದ್ದರೆ ಫ್ಯೂಸನ್ನು, ಆಮೇಲೆ ಬ್ಯಾಟರಿಯನ್ನು, ಕಟ್ಟಕಡೆಗೆ ಮೀಟರಿನ ಪೆಟ್ಟಿಗೆಯನ್ನೇ ಬದಲಾಯಿಸಿ, ಆಗಲೂ ದೀಪವು ಮಂಕಾಗಿಯೇ ಉಳಿದರೆ "ಹಳೆಯ ಗಾಡಿ, ಇನ್ನೇನಾದೀತು" ಎಂದು ಸುಮ್ಮನಾಗುತ್ತಾರೆ. ಇದನ್ನು ದುರಸ್ತಿಯೆನ್ನುವುದಕ್ಕಿಂತ ಜೂಜೆನ್ನುವುದು ಸರಿ. ಭೌತವಿಜ್ಞಾನದಲ್ಲಿ ಪದವಿ ಪಡೆದವರೂ ಈ ಜೂಜನ್ನು ಇತರರಂತೆಯೇ ಆಡುತ್ತಾರೆಂಬುದು ನಮಗೆ ಸೋಜಿಗದ ಸಂಗತಿ. ಓಮನ ನಿಯಮವನ್ನು ಹತ್ತು ಸಲ ಬರೆದು ಅಂಕಗಳನ್ನು ಗಳಿಸಿದ ವಿದ್ಯಾರ್ಥಿಗೆ, ಅದೇ ನಿಯಮವು ತನ್ನ ಮನೆಯ ಕಾರಿನೊಳಗೆ ಕಣ್ಣೆದುರಿಗೇ ಕೆಲಸಮಾಡುತ್ತಿದ್ದಾಗ ಅದರ ಗುರುತೇ ಸಿಕ್ಕುವುದಿಲ್ಲ. ಏಕೆ ಹೀಗಾಯಿತು? ನಾವು ವಿದ್ಯುತ್ತನ್ನು ಕಲಿಸುತ್ತಿರುವ ಕ್ರಮದಲ್ಲಿಯೇ ಒಂದು ಕೊರತೆಯಿದೆಯೆಂಬುದು ನಮ್ಮ ಅಭಿಪ್ರಾಯ. ಅದು ಯಾವುದೆಂಬುದನ್ನು ಈ ಪುಟ್ಟ ದೀಪಗಳ ಮೂಲಕವೇ ವಿಚಾರಮಾಡಿ ನೋಡೋಣ.

ಉದಾಹರಣೆಗೆ ಓದುಗರೆಲ್ಲರೂ ಕಂಡು ಕೇಳಿರುವ ಕಾರೊಂದನ್ನು ತೆಗೆದುಕೊಳ್ಳಬಹುದು. ಕೋಲ್ಕತ್ತದ ಬಳಿಯ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಸಂತತಿ. 2014ರ ಮೇ ತಿಂಗಳಿನಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಆ ವಂಶದ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ಇಂತಹ ಕಾರಿನಲ್ಲಿ ವೇಗಮಾಪಕ, ಪೆಟ್ರೋಲಿನ ಮಾಪಕ ಮೊದಲಾದುವುಗಳ ಹಿಂದೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಮೂರು ನಾಲ್ಕು ಬಲ್ಬುಗಳಿರುತ್ತವೆ. ಬ್ಯಾಟರಿಯಿಂದ ಹೊರಟ ಪ್ರವಾಹವು ದೀಪದ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ, ಬೆಳಕನ್ನು ಹೆಚ್ಚುಕಡಮೆ ಮಾಡುವ ಗುಂಡಿಯಿದ್ದರೆ ಅದರ ಮೂಲಕ ಹಾದು, ಬಲ್ಬುಗಳಿಗೆ ಹಂಚಿಹೋಗುತ್ತದೆ. ಬ್ರಿಟಿಷ್ ಪದ್ಧತಿಯ ಕಾರುಗಳಲ್ಲಿ ಈ ಕೊನೆಯ ತಂತಿಯ ಮೈ ಕೆಂಪು, ಅದರ ಮೇಲೊಂದು ಬಿಳಿಯ ಗೆರೆ. ಮೂವತ್ತು ನಲವತ್ತು ವರ್ಷ ಬಾಳಿದ ಕಾರಿನಲ್ಲಿ ಮಾತ್ರ ಬಣ್ಣವನ್ನು ನಂಬುವಂತಿಲ್ಲ. ಯಾರು ಯಾವಾಗ ಯಾವ ತಂತಿಯನ್ನು ಎಲ್ಲಿಗೆ ಗಂಟುಹಾಕಿದರೋ ಬಲ್ಲವರಿಲ್ಲ.

ಇಲ್ಲಿಯವರೆಗಿನ ದಾರಿ ಎಲ್ಲರಿಗೂ ತೋರುತ್ತದೆ. ಪ್ರವಾಹವು ಹಿಂದಿರುಗುವ ದಾರಿ ಯಾವುದು? ಬಲ್ಬಿನಿಂದ ಹೊರಟು ಬ್ಯಾಟರಿಗೆ ಮರಳುವ ಪ್ರತ್ಯೇಕ ತಂತಿಯನ್ನು ಹುಡುಕಿದರೆ ಅನೇಕ ಕಡೆಗಳಲ್ಲಿ ಅದು ಸಿಕ್ಕುವುದೇ ಇಲ್ಲ. ಬಲ್ಬಿನ ಹಿಡಿಕೆ ಮೀಟರಿನ ಲೋಹದ ಕವಚವನ್ನು ಮುಟ್ಟುತ್ತದೆ. ಕವಚವು ಡ್ಯಾಷ್‌ಬೋರ್ಡಿನ ತಗಡನ್ನು ಮುಟ್ಟುತ್ತದೆ. ತಗಡು ಗಾಡಿಯ ಉಕ್ಕಿನ ಒಡಲಿಗೆ ಸೇರಿದೆ. ಒಡಲಿನಿಂದ ದಪ್ಪವಾದ ಪಟ್ಟಿಯೊಂದು ಬ್ಯಾಟರಿಯ ಇನ್ನೊಂದು ಧ್ರುವಕ್ಕೆ ಹೋಗುತ್ತದೆ. ತಾಮ್ರವನ್ನು ಉಳಿಸುವುದಕ್ಕಾಗಿ ಕಾರನ್ನು ಕಟ್ಟಿದವರು ಕಾರನ್ನೇ ತಂತಿಯನ್ನಾಗಿ ಮಾಡಿಕೊಂಡಿದ್ದಾರೆ. ಮೇಸ್ತ್ರಿಗಳು ಇದನ್ನು 'ಬಾಡಿ ಅರ್ತ್' ಎನ್ನುತ್ತಾರೆ. ಭೂಮಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ರಬ್ಬರಿನ ಚಕ್ರಗಳ ಮೇಲೆ ನಿಂತ ಗಾಡಿ ಅದು. ಹೆಸರು ಹೇಗಾದರೂ ಇರಲಿ, ಹೋಗುವ ದಾರಿಯಷ್ಟೇ ಬರುವ ದಾರಿಯೂ ಮಂಡಲದ ಭಾಗವೆಂಬುದನ್ನು ಮರೆಯಬಾರದು. ಉಕ್ಕು ಉಕ್ಕನ್ನು ಮುಟ್ಟುವ ಪ್ರತಿಯೊಂದು ಸ್ಥಳದಲ್ಲಿಯೂ ನಮ್ಮ ಕರಾವಳಿಯ ಮಳೆಗಾಲ ತುಕ್ಕನ್ನು ಇಡಬಲ್ಲುದು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಆ ಕಾಲದ ಬ್ರಿಟಿಷ್ ಮೀಟರುಗಳಲ್ಲಿ ಬಳಕೆಯಲ್ಲಿದ್ದ ಪುಟ್ಟ ಬಲ್ಬು 12 ವೋಲ್ಟಿಗೆ 2.2 ವ್ಯಾಟಿನದು. ಉರಿಯುತ್ತಿರುವಾಗ ಅದರ ರೋಧ ಸುಮಾರು 65 ಓಮ್. ಅಂತಹ ನಾಲ್ಕು ಬಲ್ಬುಗಳು ಸಮಾಂತರವಾಗಿದ್ದರೆ ಒಟ್ಟು ರೋಧ 16.4 ಓಮ್. ಬೇರಾವ ರೋಧವೂ ಇಲ್ಲದಿದ್ದಲ್ಲಿ ಮುಕ್ಕಾಲು ಆಂಪಿಯರಿಗಿಂತ ತುಸು ಕಡಮೆ ಪ್ರವಾಹ ಹರಿದು ದೀಪಗಳು ಸರಿಯಾಗಿ ಉರಿಯುತ್ತವೆ. ಡ್ಯಾಷ್‌ಬೋರ್ಡಿನ ತಗಡು ಒಡಲಿಗೆ ಸೇರುವ ಸ್ಥಳದಲ್ಲಿ ತುಕ್ಕು ಹಿಡಿದು ಅಲ್ಲಿ 4 ಓಮ್ ರೋಧ ಹುಟ್ಟಿಕೊಂಡಿತೆಂದು ಭಾವಿಸಿರಿ. 12 ವೋಲ್ಟಿನಲ್ಲಿ ಸುಮಾರು 2.4 ವೋಲ್ಟು ಆ ತುಕ್ಕಿನ ಪಾಲಾಗುತ್ತದೆ. ಬಲ್ಬಿಗೆ ಉಳಿದದ್ದು 9.6. ಐದರಲ್ಲಿ ಒಂದು ಪಾಲು ತಾನೆ ಹೋದದ್ದು, ಅದೇನು ಮಹಾ ಎನ್ನಬೇಡಿ. ಟಂಗ್‌ಸ್ಟನ್ ತಂತುವಿನ ಬೆಳಕು ವಿಭವಾಂತರಕ್ಕೆ ಸರಳ ಪ್ರಮಾಣದಲ್ಲಿ ಇರುವುದಿಲ್ಲ. ಸುಮಾರಾಗಿ ಅದರ 3.4ನೆಯ ಘಾತದಂತೆ ಏರಿಳಿಯುತ್ತದೆ. 0.8ರ 3.4ನೆಯ ಘಾತವನ್ನು ಕಂಡುಹಿಡಿದು ನೋಡಿ: 0.47 ಬರುತ್ತದೆ. ಐದನೆಯ ಒಂದು ಪಾಲು ವೋಲ್ಟು ಹೋದರೆ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು!

ಇಂತಹ ಕಾರಿಗೆ ಹೊಸ ಬಲ್ಬು ತಂದು ಹಾಕಿದರೆ ಆಗುವುದೇನು? ಏನೂ ಇಲ್ಲ. ಹೊಸ ಬಲ್ಬೂ ಅದೇ 9.6 ವೋಲ್ಟನ್ನು ಉಂಡು ಅಷ್ಟೇ ಬೆಳಕನ್ನು ಕೊಡುತ್ತದೆ. ಆಗ ಯಾರಾದರೂ ಹಿತೈಷಿಗಳು, "ದೊಡ್ಡ ಬಲ್ಬು ಹಾಕಿ ನೋಡಿ" ಎನ್ನುತ್ತಾರೆ. ಈ ಸಲಹೆಯನ್ನೂ ಲೆಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು. 5 ವ್ಯಾಟಿನ ನಾಲ್ಕು ಬಲ್ಬುಗಳ ಸಮಾಂತರ ರೋಧ 7.2 ಓಮ್. ಅದರೊಡನೆ ತುಕ್ಕಿನ 4 ಓಮ್ ಸೇರಿ 11.2. ಬಲ್ಬಿಗೆ ಸಿಕ್ಕುವುದು ಈಗ 7.7 ವೋಲ್ಟು ಮಾತ್ರ. ಅದು ಕೊಡುವ ಬೆಳಕು ತನ್ನ ಪೂರ್ಣಶಕ್ತಿಯ ಸುಮಾರು 22 ಪಾಲು, ನೂರಕ್ಕೆ. ಐದು ವ್ಯಾಟಿನ ನೂರಕ್ಕೆ 22 ಎಂದರೆ 1.1, ಹಿಂದಿನ 2.2 ವ್ಯಾಟಿನ ನೂರಕ್ಕೆ 47 ಎಂದರೆ 1.03. ಎರಡು ಪಟ್ಟಿಗಿಂತ ದೊಡ್ಡ ಬಲ್ಬನ್ನು ಹಾಕಿಯೂ ಬೆಳಕು ಇದ್ದಲ್ಲಿಯೇ ಇದೆ. ಬದಲಾದದ್ದು ಒಂದೇ: ತುಕ್ಕು ಹಿಡಿದ ಆ ಸಂಧಿಯಲ್ಲಿ ಮೊದಲು 1.4 ವ್ಯಾಟು ಶಾಖವಾಗಿ ಹೋಗುತ್ತಿತ್ತು, ಈಗ 4.6 ವ್ಯಾಟು ಹೋಗುತ್ತಿದೆ. ರೋಗಕ್ಕೆ ಆಹಾರ ಹಾಕಿದಂತಾಯಿತು. (ತಂತು ತಣ್ಣಗಾದಷ್ಟೂ ಅದರ ರೋಧವು ಇಳಿಯುವುದರಿಂದ ನಿಜವಾದ ಅಂಕಿಗಳು ಇವುಗಳಿಂದ ಸ್ವಲ್ಪ ಬೇರೆಯಾಗಿರುತ್ತವೆ, ಒಟ್ಟು ಫಲ ಇದೇ.)

ಈ ಲೆಕ್ಕದಲ್ಲಿ ಹೈಸ್ಕೂಲಿನ ವಿದ್ಯಾರ್ಥಿಗೆ ಮೀರಿದ್ದು ಯಾವುದೂ ಇಲ್ಲ. ಹಾಗಿದ್ದರೂ ಅವನಿಗೆ ಇದು ಹೊಳೆಯದಿರುವುದೇಕೆ? ನಮ್ಮ ಪಠ್ಯಪುಸ್ತಕಗಳಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಎಳೆದ ಗೆರೆಗೆ ರೋಧವೇ ಇರುವುದಿಲ್ಲ. ಗೆರೆ ಬಲ್ಬನ್ನು ಮುಟ್ಟಿದಲ್ಲಿಗೆ ಸಂಪರ್ಕ ಪರಿಪೂರ್ಣ. ತುಕ್ಕು, ಕಿಲುಬು, ಸಡಿಲಾದ ತಿರುಪು, ಬಣ್ಣದ ಪದರ ಇವುಗಳಿಗೆ ಆ ಚಿತ್ರದಲ್ಲಿ ಸ್ಥಳವಿಲ್ಲ. ಪ್ರಯೋಗಶಾಲೆಯಲ್ಲಿ ಇನ್ನೂ ಒಂದು ವಿಚಿತ್ರ ನಡೆಯುತ್ತದೆ. ಪ್ರಯೋಗಕ್ಕೆ ಮೊದಲು ಪ್ರತಿಯೊಂದು ತಂತಿಯ ತುದಿಯನ್ನೂ ಮರಳುಕಾಗದದಿಂದ ಉಜ್ಜಿ ಹೊಳಪುಗೊಳಿಸಬೇಕೆಂದು ವಿದ್ಯಾರ್ಥಿಗಳಿಗೆ ಆಜ್ಞೆಯಾಗುತ್ತದೆ. ಅವರು ಉಜ್ಜುತ್ತಾರೆ. 'ಎಚ್ಚರಿಕೆಗಳು' ಎಂಬ ತಲೆಬರಹದ ಕೆಳಗೆ ಅದನ್ನೇ ಒಂದು ವಾಕ್ಯವಾಗಿ ಬರೆದು ಅರ್ಧ ಅಂಕವನ್ನೂ ಪಡೆಯುತ್ತಾರೆ. ಉಜ್ಜದಿದ್ದರೆ ಎಷ್ಟು ವೋಲ್ಟು ಎಲ್ಲಿ ಕಳೆದುಹೋಗುತ್ತಿತ್ತೆಂಬುದನ್ನು ಅಳೆದು ನೋಡಿದವರು ಎಷ್ಟು ಮಂದಿ? ಜೀವನದಲ್ಲಿ ಎದುರಾಗುವ ನೂರು ವಿದ್ಯುದ್ದೋಷಗಳಲ್ಲಿ ಬಹುಪಾಲು ಯಾವುದರಿಂದ ಆಗುತ್ತವೆಯೋ ಅದನ್ನೇ ಒರಸಿಹಾಕಿ, ಅದು ಇಲ್ಲವೆಂಬಂತೆ ಪಾಠವನ್ನು ಆರಂಭಿಸುತ್ತೇವೆ.

ಓಮನಾದರೋ ಹೀಗೆ ಮಾಡಿದವನಲ್ಲ. ಗೇಯಾರ್ಗ್ ಸಿಮೋನ್ ಓಮ್ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದಾಗ ತನ್ನ ಪ್ರಯೋಗಗಳನ್ನು ನಡೆಸಿದನು. ಆ ಕಾಲದ ವಿದ್ಯುತ್ಕೋಶಗಳ ಬಲ ಗಳಿಗೆಗೊಂದು ಬಗೆಯಾಗಿ ಬದಲಾಗುತ್ತಿದ್ದುದರಿಂದ ಅವನು ಅವುಗಳನ್ನು ಬಿಟ್ಟು, ಬಿಸ್ಮತ್ತು ತಾಮ್ರಗಳ ಜೋಡಣೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜಿನಲ್ಲಿಯೂ ಇಟ್ಟು ಸ್ಥಿರವಾದ ಪ್ರವಾಹವನ್ನು ಪಡೆದನು. ಬೇರೆ ಬೇರೆ ಉದ್ದದ ತಂತಿಗಳನ್ನು ಸೇರಿಸಿ ಅಳೆದು 1826ರಲ್ಲಿ ಅವನು ಪ್ರಕಟಿಸಿದ ಸಮೀಕರಣದ ಛೇದದಲ್ಲಿ ಎರಡು ಪದಗಳಿದ್ದುವು: ಒಂದು, ಪರೀಕ್ಷೆಗೆ ತೆಗೆದುಕೊಂಡ ತಂತಿಯ ಉದ್ದ, ಇನ್ನೊಂದು, ಮಂಡಲದ ಉಳಿದೆಲ್ಲ ಭಾಗದ ರೋಧವನ್ನು ಸೂಚಿಸುವ ಸ್ಥಿರಾಂಕ. 1827ರ ಅವನ ಗ್ರಂಥವೂ ಇಡೀ ಮಂಡಲವನ್ನು ಕುರಿತದ್ದೇ. ಆ ಎರಡನೆಯ ಪದವನ್ನು ನಾವು ಪರೀಕ್ಷೆಯ ಅನುಕೂಲಕ್ಕಾಗಿ ಕೈಬಿಟ್ಟೆವು. ನಮ್ಮ ಹಳೆಯ ಕಾರಿನ ತುಕ್ಕು ಅಡಗಿ ಕುಳಿತಿರುವುದು ಅದರಲ್ಲಿಯೇ.

ದೋಷವನ್ನು ಹುಡುಕುವುದು ಹೇಗೆ? ಇಲ್ಲಿಯೂ ಕಲಿತವರು ಎಡವುವ ಎರಡು ಸ್ಥಳಗಳಿವೆ. ಬಲ್ಬನ್ನು ಹೊರಕ್ಕೆ ತೆಗೆದು ಅದರ ರೋಧವನ್ನು ಮಲ್ಟಿಮೀಟರಿನಿಂದ ಅಳೆಯುವವರಿದ್ದಾರೆ. ಮೀಟರು 6.5 ಓಮ್ ಎಂದು ತೋರಿಸಿತೆಂದರೆ, 144ನ್ನು 6.5ರಿಂದ ಭಾಗಿಸಿ, ಇದು 22 ವ್ಯಾಟಿನ ಬಲ್ಬು, ಯಾರೋ ತಪ್ಪು ಬಲ್ಬು ಹಾಕಿದ್ದಾರೆ ಎಂದು ತೀರ್ಮಾನಿಸುತ್ತಾರೆ. ತಣ್ಣಗಿರುವ ಟಂಗ್‌ಸ್ಟನ್ ತಂತುವಿನ ರೋಧವು ಉರಿಯುವಾಗಿನದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಉಷ್ಣತೆಯೊಡನೆ ಲೋಹದ ರೋಧ ಏರುತ್ತದೆಂಬ ಪಾಠ ಪುಸ್ತಕದಲ್ಲಿಯೇ ಉಳಿದುಬಿಟ್ಟಿತು.

ಎರಡನೆಯದು ಇನ್ನೂ ಸೂಕ್ಷ್ಮ. ಬಲ್ಬನ್ನು ತೆಗೆದು, ಬರಿದಾದ ಹಿಡಿಕೆಯ ಎರಡು ಕೊನೆಗಳಿಗೆ ವೋಲ್ಟ್‌ಮೀಟರನ್ನು ಹಿಡಿಯುತ್ತಾರೆ. ಅದು ಪೂರ್ತಿ 12 ವೋಲ್ಟನ್ನು ತೋರಿಸುತ್ತದೆ. "ಕರೆಂಟು ಸರಿಯಾಗಿದೆ, ಬಲ್ಬೇ ಕೆಟ್ಟಿದೆ." ಆದರೆ ಪ್ರವಾಹವೇ ಹರಿಯದಿರುವಾಗ ರೋಧದಲ್ಲಿ ವಿಭವಪತನವಾಗುವುದು ಹೇಗೆ? ಸಾಧಾರಣ ಡಿಜಿಟಲ್ ಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. ದಾರಿಯಲ್ಲಿ ಸಾವಿರ ಓಮಿನ ಕೆಟ್ಟ ಸಂಧಿಯಿದ್ದರೂ ಅದಕ್ಕೆ ಒಂದು ಮಿಲಿವೋಲ್ಟಿನಷ್ಟು ಮಾತ್ರ ಕಡಮೆಯಾದಂತೆ ಕಾಣುತ್ತದೆ. ಅದೇ ಸ್ಥಳಕ್ಕೆ 5 ವ್ಯಾಟಿನ ಬಲ್ಬೊಂದಕ್ಕೆ ಎರಡು ತಂತಿ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪನ್ನು ಹಿಡಿಯಿರಿ. ಒಂದು ಕಿಡಿಯೂ ಮಿನುಗದು. ರಸ್ತೆಬದಿಯ ಎಲೆಕ್ಟ್ರಿಷಿಯನ್ ಸಾವಿರಾರು ರೂಪಾಯಿಯ ಮೀಟರನ್ನು ಬಿಟ್ಟು ಈ ಪುಟ್ಟ ದೀಪವನ್ನು ನೆಚ್ಚಿಕೊಂಡಿರುವುದಕ್ಕೆ ಕಾರಣವಿದೆ. ಅವನಿಗೆ ಒಳರೋಧವೆಂಬ ಪದ ತಿಳಿಯದಿರಬಹುದು; ಹೊರೆ ಹೊರಿಸದೆ ಎತ್ತಿನ ಬಲವನ್ನು ತಿಳಿಯಲಾಗದೆಂಬುದು ಚೆನ್ನಾಗಿ ತಿಳಿದಿದೆ. (ಇಂದಿನ ಕಾರುಗಳ ಗಣಕಪೆಟ್ಟಿಗೆಗಳಿಗೆ ಹೋಗುವ ತಂತಿಗಳಿಗೆ ಮಾತ್ರ ಈ ದೀಪವನ್ನು ತಾಗಿಸಕೂಡದು, ಅದು ಎಳೆಯುವ ಪ್ರವಾಹಕ್ಕೆ ಅವು ಸುಟ್ಟುಹೋಗಬಹುದು.)

ಆದುದರಿಂದ ಅಳತೆಯೆಲ್ಲವೂ ದೀಪಗಳು ಉರಿಯುತ್ತಿರುವಾಗಲೇ ಆಗತಕ್ಕದ್ದು. ಬಲ್ಬುಗಳು ತಮ್ಮ ಸ್ಥಳದಲ್ಲಿರಲಿ, ಸ್ವಿಚ್ಚು ಹಾಕಿರಲಿ. ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಬಲ್ಬಿನ ಹಿಡಿಕೆಯ ಲೋಹಕ್ಕೂ ಮುಟ್ಟಿಸಬೇಕು. ಹಿಂದಿರುಗುವ ದಾರಿ ಚೆನ್ನಾಗಿದ್ದರೆ ಮೀಟರು ಒಂದು ವೋಲ್ಟಿನ ಹತ್ತನೆಯ ಒಂದು ಪಾಲನ್ನೋ ಅದಕ್ಕಿಂತ ಕಡಮೆಯನ್ನೋ ತೋರಿಸುತ್ತದೆ. ಎರಡು ವೋಲ್ಟು ತೋರಿಸಿತೆಂದರೆ ಕಳ್ಳನು ಅರ್ತ್‌ನಲ್ಲಿದ್ದಾನೆ. ಆಮೇಲೆ ಮೊನೆಯನ್ನು ಹಿಡಿಕೆಯಿಂದ ಕವಚಕ್ಕೆ, ಕವಚದಿಂದ ತಗಡಿಗೆ, ತಗಡಿನಿಂದ ಒಡಲಿಗೆ ಸರಿಸುತ್ತ ಹೋದರೆ, ಯಾವ ಎರಡು ಸ್ಥಳಗಳ ನಡುವೆ ಅಂಕಿ ಥಟ್ಟನೆ ಇಳಿಯುವುದೋ ದೋಷ ಅಲ್ಲಿದೆ. ದಾರಿ ಉದ್ದವಾಗಿದ್ದರೆ ನಡುಮಧ್ಯದಿಂದ ಆರಂಭಿಸುವುದು ಜಾಣತನ. ಒಂದೊಂದು ಅಳತೆಗೂ ಹುಡುಕಬೇಕಾದ ದಾರಿ ಅರ್ಧವಾಗುತ್ತದೆ.

ಇದು ಅಂಗಡಿಯ ಲೆಕ್ಕದ ಪುಸ್ತಕದಂತೆಯೇ. ಬ್ಯಾಟರಿಯಲ್ಲಿ 12 ವೋಲ್ಟು ಜಮೆ. ಖರ್ಚಿನ ಕಡೆ: ಸ್ವಿಚ್ಚು, ತಂತಿ, ಫ್ಯೂಸು ಎಲ್ಲ ಸೇರಿ 0.5, ಬಲ್ಬು 9.2, ಅರ್ತ್ 2.3. ಒಟ್ಟು 12. ಎಲ್ಲಿ ಹೋಯಿತೆಂದು ಗೊತ್ತಿಲ್ಲದ ವೋಲ್ಟು ಒಂದೂ ಇರುವುದಿಲ್ಲ. ಮಂಡಲವನ್ನು ಒಂದು ಸುತ್ತು ಸುತ್ತಿದರೆ ಈ ಲೆಕ್ಕ ಯಾವಾಗಲೂ ಸರಿದೂಗಬೇಕೆಂಬ ನಿಯಮವನ್ನು 1845ರಲ್ಲಿ ನಿರೂಪಿಸಿದ ಗುಸ್ಟಾಫ್ ಕಿರ್ಕಾಫ್ ಆಗಿನ್ನೂ ಕೋನಿಗ್ಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿ; ವಯಸ್ಸು ಇಪ್ಪತ್ತೊಂದು. ನಮ್ಮ ಕಾಲೇಜುಗಳ ಅಂತಿಮ ವರ್ಷದವರ ವಯಸ್ಸೇ ಎನ್ನೋಣ.

ನಮ್ಮ ಸಹೋದ್ಯೋಗಿಗಳೊಬ್ಬರು ತಮ್ಮ ತಂದೆಯವರ ಕಾಲದ ಕಾರಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಬಣ್ಣವೇನೋ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಅಂದಿನಿಂದ ಡ್ಯಾಷ್‌ಬೋರ್ಡು ಕತ್ತಲೆ. ಅಷ್ಟೇ ಅಲ್ಲದೆ ತಿರುವಿನ ದೀಪ ಹಾಕಿದಾಗಲೆಲ್ಲ ಪೆಟ್ರೋಲಿನ ಮುಳ್ಳು ಅದರ ತಾಳಕ್ಕೆ ತಕ್ಕಂತೆ ಕುಣಿಯುತ್ತಿತ್ತು. ಎರಡು ಸಲ ಬಲ್ಬುಗಳನ್ನು ಬದಲಾಯಿಸಿದ್ದಾಯಿತು. ಒಂದು ಶನಿವಾರ ಬಿ.ಎಸ್ಸಿ. ಎರಡನೆಯ ವರ್ಷದ ಮೂವರು ವಿದ್ಯಾರ್ಥಿಗಳು ಟೆಸ್ಟ್ ಲ್ಯಾಂಪನ್ನೂ ಒಂದು ಮೀಟರನ್ನೂ ಹಿಡಿದು ಕಾರಿನೊಳಗೆ ಹೊಕ್ಕರು. ಹತ್ತು ನಿಮಿಷದಲ್ಲಿ ಅವರಲ್ಲೊಬ್ಬಳು ಹೊರಕ್ಕೆ ತಲೆಹಾಕಿ, "ಸಾರ್, ಕರೆಂಟು ಬಲ್ಬಿನವರೆಗೆ ಬರುತ್ತಿದೆ, ವಾಪಸು ಹೋಗುವುದಕ್ಕೆ ದಾರಿಯಿಲ್ಲ" ಎಂದಳು. ಬಣ್ಣ ಹೊಡೆದವರು ಡ್ಯಾಷ್‌ಬೋರ್ಡನ್ನು ಬಿಚ್ಚಿ, ತಗಡು ಒಡಲನ್ನು ಮುಟ್ಟುವ ಅಂಚಿಗೂ ಧಾರಾಳವಾಗಿ ಬಣ್ಣ ಬಳಿದು, ಅದರ ಮೇಲೆಯೇ ತಿರುಪುಗಳನ್ನು ಬಿಗಿದಿದ್ದರು. ಎರಡು ತಿರುಪುಗಳ ಕೆಳಗೆ ಬಣ್ಣವನ್ನು ಕೆರೆದು, ಅಲ್ಲಿಂದ ಒಡಲಿಗೆ ಒಂದು ಗೇಣು ತಂತಿಯನ್ನು ಬಿಗಿದ ಕೂಡಲೆ ದೀಪಗಳು ಉರಿದುವು, ಮುಳ್ಳೂ ಸುಮ್ಮನಾಯಿತು.

ಮುಳ್ಳಿನ ಕುಣಿತಕ್ಕೆ ಕಾರಣವನ್ನು ಆ ಮೂವರೇ ಬಿಡಿಸಿ ಹೇಳಿದರು. ಪೆಟ್ರೋಲಿನ ಮಾಪಕ, ತಿರುವಿನ ಸೂಚಕದೀಪ, ಡ್ಯಾಷ್‌ಬೋರ್ಡಿನ ದೀಪ ಎಲ್ಲಕ್ಕೂ ಅರ್ತ್ ಒಂದೇ. ಆ ಒಂದು ಸಂಧಿಯಲ್ಲಿ ರೋಧವಿದ್ದರೆ, ಒಂದು ದೀಪದ ಪ್ರವಾಹವು ಅದರ ಮೂಲಕ ಹರಿದಾಗಲೆಲ್ಲ ಇಡೀ ತಗಡಿನ ವಿಭವವು ಒಡಲಿಗಿಂತ ಮೇಲಕ್ಕೇರುತ್ತದೆ. ತಗಡನ್ನೇ ಸೊನ್ನೆಯೆಂದು ನಂಬಿ ಕುಳಿತ ಮಾಪಕದ ಲೆಕ್ಕ ತಪ್ಪುತ್ತದೆ. ನೇರವಾದ ದಾರಿ ಪೂರ್ತಿ ಕಡಿದುಹೋದಾಗ ಪ್ರವಾಹವು ಬೇರೊಂದು ಬಲ್ಬಿನ ಮೂಲಕ ಹಿಮ್ಮುಖವಾಗಿ ನುಸುಳಿ ಹೋಗುವುದೂ ಉಂಟು. ಒಂದು ಸ್ವಿಚ್ಚು ಹಾಕಿದರೆ ಸಂಬಂಧವಿಲ್ಲದ ಇನ್ನೊಂದು ದೀಪ ಮಿಣುಕುವ ಕಾರನ್ನು ಕಂಡರೆ ಮೊದಲು ಅರ್ತ್ ಹುಡುಕಿರಿ. ದೆವ್ವದ ಕಾಟವೆಂದು ಜನ ಹೇಳುವ ವಿದ್ಯುದ್ದೋಷಗಳೆಲ್ಲ ಬಹುಮಟ್ಟಿಗೆ ಈ ಜಾತಿಯವು.

ಎಲ್ಲ ದೋಷವೂ ಅರ್ತ್‌ನದೇ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಬೆಳಕನ್ನು ಏರಿಳಿಸುವ ಗುಂಡಿಯ ಹಿಂದೆ ರೋಧತಂತಿಯ ಸುರುಳಿಯೊಂದಿರುತ್ತದೆ; ಅದರ ಮೇಲೆ ಜಾರುವ ಕೈ ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಕಿಲುಬು ಕಟ್ಟುತ್ತದೆ. ಗುಂಡಿಯನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿದರೆ ಸಾಕು, ಕೆಲವು ಸಲ ದೀಪ ಬಂದುಬಿಡುತ್ತದೆ. ಯಾರೋ ಗುಂಡಿಯನ್ನು ಕಡಮೆಯ ಕೊನೆಗೆ ತಿರುಗಿಸಿಟ್ಟು ಮರೆತಿರುವುದೂ ಇಲ್ಲದಿಲ್ಲ. ಈಚಿನ ಪ್ಲಾಸ್ಟಿಕ್ ಮೀಟರುಪೆಟ್ಟಿಗೆಗಳ ಹಿಂದೆ ತಂತಿಗಳಿಗೆ ಬದಲಾಗಿ ಬಳುಕುವ ಹಾಳೆಯ ಮೇಲೆ ಅಂಟಿಸಿದ ತಾಮ್ರದ ಗೆರೆಗಳಿರುತ್ತವೆ; ಬಲ್ಬಿನ ಹಿಡಿಕೆ ಅದನ್ನು ಒತ್ತುವ ಸ್ಥಳದಲ್ಲಿ ತಾಮ್ರ ಕಪ್ಪಾಗುತ್ತದೆ ಇಲ್ಲವೆ ಸುಲಿದುಹೋಗುತ್ತದೆ. ಅಲ್ಲಿ ಮರಳುಕಾಗದವನ್ನು ಬಳಸಬಾರದು, ಇದ್ದ ತಾಮ್ರವೂ ಹೋದೀತು. ಪೆನ್ಸಿಲಿನ ರಬ್ಬರು ಸಾಕು. ಬಲ್ಬು ನಿಜವಾಗಿಯೂ ಸುಟ್ಟಿರುವುದೂ ಉಂಟಷ್ಟೆ. ಆದರೆ ಬಲ್ಬುಗಳು ಪದೇ ಪದೇ ಸುಡುತ್ತಿದ್ದರೆ ಅದಕ್ಕೂ ಕಾರಣ ಹುಡುಕಬೇಕು: ತಂತುವಿನ ಆಯುಸ್ಸು ವಿಭವಾಂತರದ ಸುಮಾರು 13ನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. 13.5 ವೋಲ್ಟು ಇರಬೇಕಾದಲ್ಲಿ ಚಾರ್ಜಿಂಗು 14.5ಕ್ಕೆ ಏರಿದರೆ ಬಲ್ಬಿನ ಬಾಳು ಅರ್ಧಕ್ಕಿಂತ ಕಡಮೆಯಾಗುತ್ತದೆ.

ಇತ್ತೀಚೆಗೆ ಈ ಬಲ್ಬುಗಳ ಸ್ಥಳದಲ್ಲಿ ನೀಲಿಬಿಳುಪಿನ ಎಲ್‌ಇಡಿಗಳನ್ನು ಹಾಕಿಸಿಕೊಳ್ಳುವ ಚಾಳಿ ಬಂದಿದೆ. ನಮಗೆ ಇದು ಒಪ್ಪಿಗೆಯಿಲ್ಲ. ಕತ್ತಲೆಯಲ್ಲಿ ನೋಡುವ ಕೆಲಸ ಕಣ್ಣಿನ ದಂಡಕೋಶಗಳದು. ಅವು ಸುಮಾರು 507 ನ್ಯಾನೊಮೀಟರಿನ ನೀಲಿಹಸಿರು ಬೆಳಕಿಗೆ ಅತ್ಯಂತ ಸೂಕ್ಷ್ಮ, ಕೆಂಪಿಗೆ ಬಹುಮಟ್ಟಿಗೆ ಕುರುಡು. ಹಳೆಯ ಮಂಕು ಹಳದಿ ಬೆಳಕು ಮೀಟರನ್ನು ತೋರಿಸಿ, ರಸ್ತೆಯನ್ನು ನೋಡುವ ಕಣ್ಣನ್ನು ಅದರ ಪಾಡಿಗೆ ಬಿಡುತ್ತಿತ್ತು. ಗುಂಡಿಯಿಂದ ಬೆಳಕನ್ನು ತಗ್ಗಿಸುವ ಏರ್ಪಾಡೂ ಇದಕ್ಕಾಗಿಯೇ. ಹಳೆಯ ಬ್ರಿಟಿಷ್ ಕಾರಾದರೆ ಇನ್ನೊಂದು ತೊಡಕು ಇದೆ: 1960ರ ದಶಕದ ನಡುಭಾಗದವರೆಗೂ ಅವುಗಳಲ್ಲಿ ಅನೇಕಕ್ಕೆ ಬ್ಯಾಟರಿಯ ಧನಧ್ರುವವನ್ನೇ ಒಡಲಿಗೆ ಸೇರಿಸುತ್ತಿದ್ದರು. ತಂತುವಿಗೆ ದಿಕ್ಕಿನ ಗೊಡವೆಯಿಲ್ಲ; ಎಲ್‌ಇಡಿಗೆ ಇದೆ.

ಡ್ಯಾಷ್‌ಬೋರ್ಡಿನಲ್ಲಿ ಒಂದು ಕೆಂಪು ದೀಪವಂತೂ ಉಳಿದವುಗಳ ಜಾತಿಗೆ ಸೇರಿದುದೇ ಅಲ್ಲ. ಚಾರ್ಜಿಂಗಿನ ಸೂಚಕದೀಪದ ಒಂದು ಕೊನೆ ಬ್ಯಾಟರಿಗೂ ಇನ್ನೊಂದು ಕೊನೆ ವಿದ್ಯುಜ್ಜನಕಕ್ಕೂ ಸೇರಿರುತ್ತದೆ. ಎಂಜಿನು ನಿಂತಿದ್ದು ಕೀಲಿ ಹಾಕಿದಾಗ ಒಂದು ಕಡೆ 12 ವೋಲ್ಟು, ಇನ್ನೊಂದು ಕಡೆ ಸೊನ್ನೆ, ದೀಪ ಉರಿಯುತ್ತದೆ. ಎಂಜಿನು ಓಡತೊಡಗಿ ಜನಕದ ವಿಭವವೂ ಬ್ಯಾಟರಿಯದಕ್ಕೆ ಸಮನಾದರೆ ಎರಡು ಕೊನೆಗಳ ನಡುವೆ ಅಂತರವೇ ಇಲ್ಲ, ದೀಪ ಆರುತ್ತದೆ. ಎರಡು ವಿಭವಗಳನ್ನು ತೂಗಿ ನೋಡುವ ತಕ್ಕಡಿ ಅದು. ವಿಭವಾಂತರವೆಂದರೇನೆಂಬುದನ್ನು ಒಂದು ತಾಸು ಬೋಧಿಸುವುದಕ್ಕಿಂತ ಈ ದೀಪವನ್ನು ಐದು ನಿಮಿಷ ತೋರಿಸುವುದು ಮೇಲು. ಆಲ್ಟರ್ನೇಟರ್ ಇರುವ ಅನೇಕ ಕಾರುಗಳಲ್ಲಿ ಈ ಬಲ್ಬಿನ ಮೂಲಕ ಹರಿಯುವ ಅಲ್ಪ ಪ್ರವಾಹವೇ ಜನಕದ ಕಾಂತಕ್ಷೇತ್ರಕ್ಕೆ ಮೊದಲ ಚೇತನವನ್ನು ಕೊಡುತ್ತದೆ. ಬಲ್ಬು ಸುಟ್ಟರೆ, ಅಥವಾ ಅದರ ಸ್ಥಳದಲ್ಲಿ ತೀರ ಕಡಮೆ ಪ್ರವಾಹದ ಎಲ್‌ಇಡಿ ಕುಳಿತರೆ, ಚಾರ್ಜಿಂಗೇ ಆರಂಭವಾಗದಿರಬಹುದು.

ಇನ್ನು ಫ್ಯೂಸಿನ ವಿಷಯ. ಇದನ್ನು ನಾವು ಕಟುವಾಗಿಯೇ ಹೇಳಬೇಕಾಗಿದೆ. ಫ್ಯೂಸು ಮತ್ತೆ ಮತ್ತೆ ಕರಗುತ್ತದೆಂದು ಅದರ ಸ್ಥಳದಲ್ಲಿ ದಪ್ಪ ತಂತಿಯನ್ನೋ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನೋ ಸುತ್ತುವವರನ್ನು ನಾವು ಕಂಡಿದ್ದೇವೆ. "ಹನ್ನೆರಡು ವೋಲ್ಟು ತಾನೆ, ಮುಟ್ಟಿದರೂ ಏನೂ ಆಗುವುದಿಲ್ಲ" ಎಂಬುದು ಅವರ ಸಮಾಧಾನ. ಮೈಗೆ ಏನೂ ಆಗದು, ನಿಜ. ಕಾರಿನ ಬ್ಯಾಟರಿಯ ಒಳರೋಧವು ಓಮಿನ ನೂರನೆಯ ಒಂದೆರಡು ಪಾಲು ಮಾತ್ರ. ಡ್ಯಾಷ್‌ಬೋರ್ಡಿನ ಹಿಂದೆ ತಂತಿಯ ಹೊದಿಕೆ ಹರಿದು ಒಡಲಿಗೆ ತಗುಲಿತೆನ್ನಿ. ತಂತಿಯ ರೋಧ 0.1 ಓಮ್, ಬ್ಯಾಟರಿಯದು 0.02, ಹರಿಯುವ ಪ್ರವಾಹ 100 ಆಂಪಿಯರ್. ಆ ಬಡಕಲು ತಂತಿಯೊಳಗೆ ಆಗ ಒಂದು ಸಾವಿರ ವ್ಯಾಟು ಶಾಖ ಹುಟ್ಟುತ್ತದೆ. ಸ್ನಾನದ ನೀರು ಕಾಯಿಸುವ ಸುರುಳಿಯನ್ನು ಹತ್ತಿ, ರಬ್ಬರು, ರೆಕ್ಸಿನ್‌ಗಳ ನಡುವೆ ಇಟ್ಟಂತೆ! ಫ್ಯೂಸು ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ತಂತಿಯನ್ನು ಕಾಯುವುದಕ್ಕೆ. ಅದು ಕರಗಿತೆಂದರೆ ಎಲ್ಲಿಯೋ ಶಾರ್ಟ್ ಆಗಿರಬಹುದೆಂದು ತಿಳಿದು ಕಾರಣವನ್ನು ಹುಡುಕಬೇಕು. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಈ ದೀಪಗಳ ದಾರಿಯಲ್ಲಿ ಫ್ಯೂಸೇ ಇರುತ್ತಿರಲಿಲ್ಲ. ಅಂತಹುದರಲ್ಲಿ ಒಂದನ್ನು ಸೇರಿಸುವುದು ಬುದ್ಧಿವಂತಿಕೆ. ಆ ಪದ್ಧತಿಯ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಕರಗುವ ಪ್ರವಾಹ. ಎಡೆಬಿಡದೆ ಹೊರಬಲ್ಲುದು ಅದರ ಅರ್ಧವಷ್ಟೆ. ಇಂದಿನ ಚಪ್ಪಟೆ ಫ್ಯೂಸಿನ ಮೇಲಿರುವುದು ಹೊರಬಲ್ಲ ಪ್ರವಾಹ. 35ರ ಸ್ಥಳದಲ್ಲಿ 35ನ್ನೇ ಹಾಕಿದೆನೆಂದು ನೆಮ್ಮದಿಯಾಗಿರುವವನು ನಿಜವಾಗಿ ರಕ್ಷಣೆಯನ್ನು ಅರ್ಧಕ್ಕೆ ಇಳಿಸಿದ್ದಾನೆ.

ಹಳೆಯ ಕಾರುಗಳ ಕಾಲ ಮುಗಿಯಿತು, ಇಂದಿನ ಕಾರುಗಳಲ್ಲಿ ಎಲ್ಲವೂ ಗಣಕದ ಕೈಯಲ್ಲಿದೆ, ಈ ವಿದ್ಯೆ ಇನ್ನೇಕೆ ಎಂದು ಕೇಳುವವರುಂಟು. ಗಣಕವು ದೋಷಸಂಖ್ಯೆಯೊಂದನ್ನು ತೋರಿಸುತ್ತದೆ. ಅದನ್ನು ಓದಿದವನು ಅದರಲ್ಲಿ ಹೆಸರಿಸಿದ ಭಾಗವನ್ನು ಬದಲಾಯಿಸುತ್ತಾನೆ. ಸಂಖ್ಯೆ ಮತ್ತೆ ಬರುತ್ತದೆ. ಬಲ್ಬಿನ ಜೂಜೇ ಹೆಚ್ಚಿನ ಹಣಕ್ಕೆ ನಡೆಯುತ್ತಿದೆ, ಅಷ್ಟೆ. ಒಡಲಿಗೆ ಬಿಗಿದ ಅರ್ತ್‌ನ ತಿರುಪು ಇಂದಿನ ಕಾರಿನಲ್ಲಿಯೂ ಇದೆ, ತುಕ್ಕೂ ಇದೆ.

ಕಾಲೇಜುಗಳಿಗೆ ನಮ್ಮ ಸೂಚನೆ ಸರಳವಾದುದು. ಗುಜರಿಯಿಂದ ಹಳೆಯ ಕಾರಿನ ಡ್ಯಾಷ್‌ಬೋರ್ಡೊಂದನ್ನು ತಂತಿಗಳ ಸಮೇತ ತಂದು ಹಲಗೆಯ ಮೇಲೆ ನಿಲ್ಲಿಸಿರಿ. ಅದನ್ನು ಸ್ವಚ್ಛಗೊಳಿಸಬೇಡಿರಿ. 12 ವೋಲ್ಟಿನ ಬ್ಯಾಟರಿಗೆ ಸೇರಿಸುವಾಗ ಧ್ರುವದ ಪಕ್ಕದಲ್ಲಿಯೇ 2 ಆಂಪಿಯರಿನ ಫ್ಯೂಸನ್ನು ಇಡಿರಿ. ವಿದ್ಯಾರ್ಥಿಯು ದೀಪಗಳನ್ನು ಉರಿಸಿ, ಮಂಡಲದ ಪ್ರತಿಯೊಂದು ಸಂಧಿಯಲ್ಲಿಯೂ ಆಗುವ ವಿಭವಪತನವನ್ನು ಅಳೆದು ಬರೆದುಕೊಂಡು, ಮೊತ್ತ ಬ್ಯಾಟರಿಗೆ ಸರಿಹೋಗುವುದೇ ನೋಡಲಿ. ಬಳಿಕ ಅತಿ ಹೆಚ್ಚು ಪತನವಿರುವ ಒಂದೇ ಒಂದು ಸಂಧಿಯನ್ನು ತನ್ನ ಕೈಯಾರೆ ಮರಳುಕಾಗದದಿಂದ ಉಜ್ಜಿ, ಮತ್ತೆ ಅಳೆದು, ಎರಡು ಅಂಕಿಗಳನ್ನೂ ದಾಖಲೆಯ ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿ ಬರೆಯಲಿ.